ಅರಣ್ಯಾಕಾಂಕ್ಷಿ

'ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ' ಎಂಬುದು ವಯಸ್ಸಾದವರು ತಮ್ಮ ಬಗ್ಗೆ ತಾವೇ ಆಡಿಕೊಳ್ಳುವ ಮಾತು. ನಮ್ಮ ಅರಣ್ಯಾಕಾಂಕ್ಷಿಗೆ ಮೂವತ್ತೈದಕ್ಕೇ ಕಾಡು ಬಾ ಅನ್ನುತ್ತಿದೆ. ಊರು ಮಾತ್ರ ಹೋಗು ಅನ್ನುತ್ತಿಲ್ಲ. ಮುಖ್ಯವಾಗಿ, ಗೃಹಸಾಲ ಕೊಟ್ಟ ಬ್ಯಾಂಕು ಅನ್ನುತ್ತಿಲ್ಲ. ಹೀಗಾಗಿ ಆತ ವೈಟ್‌ಫೀಲ್ಡಿನ ಹನ್ನೊಂದನೇ ಮಹಡಿಯಲ್ಲಿ ಕೂತು ಕಾಡಿಗೆ ಹೊರಟಿದ್ದಾನೆ. ವರ್ಷಗಳಿಂದ ಹೊರಟೇ ಇದ್ದಾನೆ.

ಇವನನ್ನು ನೀವು ನೋಡಿಯೇ ಇರುತ್ತೀರಿ. ಟಿಕೆಟ್ ಆಕಾಂಕ್ಷಿ ಖಾದಿ ತೊಟ್ಟ ಹಾಗೆ ಇವನು ಆಲಿವ್ ಹಸಿರು ತೊಡುತ್ತಾನೆ. ಪ್ಯಾಂಟಿಗೆ ಎಂಟು ಜೇಬು. ಏಳು ಖಾಲಿ, ಎಂಟನೆಯದರಲ್ಲಿ ಕಂಪನಿಯ ಐಡಿ ಕಾರ್ಡು. ಹೊಳೆ ಹಾಯಲೆಂದು ಮಾಡಿದ ಬೂಟು ಹಾಕಿಕೊಂಡು ದಿನಾ ಔಟರ್ ರಿಂಗ್ ರೋಡು ದಾಟುತ್ತಾನೆ. ಜೋರು ಮಳೆ ಬಂದ ದಿನ ಆ ಬೂಟಿನ ಜನ್ಮ ಸಾರ್ಥಕವೂ ಆಗುತ್ತದೆ. ಬಾಲ್ಕನಿಯಲ್ಲಿ ಹಕ್ಕಿಗಳಿಗೆಂದು ಕಾಳಿನ ಡಬ್ಬಿ ತೂಗುಹಾಕಿದ್ದಾನೆ, ಬರುವುದೆಲ್ಲ ಪಾರಿವಾಳ. ಪಾರಿವಾಳ ಅವನ ಲೆಕ್ಕದಲ್ಲಿ ಹಕ್ಕಿಯಲ್ಲ, ಅಪಾರ್ಟ್‌ಮೆಂಟ್ ಸಂಘದ ಸಭೆಯ ಅಜೆಂಡಾ.

ಸಫಾರಿ ನಡೆಯುವ ದಿನಗಳಲ್ಲಿ ತಿಂಗಳಿಗೊಮ್ಮೆ ಕಬಿನಿಗೆ ಹೋಗಿ ಬರುತ್ತಾನೆ. ಕೈಯಲ್ಲಿ 600 ಎಂಎಂ ಲೆನ್ಸು. ಅದರ ಬೆಲೆಗೆ ಎಚ್.ಡಿ. ಕೋಟೆ ಕಡೆ ಒಂದು ಜೊತೆ ಎತ್ತು ಗಾಡಿ ಸಮೇತ ಬಂದು, ಮೇವಿಗೂ ದುಡ್ಡು ಉಳಿಯುತ್ತದೆ. ಹುಲಿ ಕಂಡರೆ ಅದರ ಹೆಸರು ಹೇಳುತ್ತಾನೆ, ತಾಯಿಯ ಹೆಸರು ಹೇಳುತ್ತಾನೆ, ಗಡಿ ತಕರಾರು ಯಾರ ಜೊತೆ ಎಂದೂ ಹೇಳುತ್ತಾನೆ. ಪಕ್ಕದ ಫ್ಲಾಟಿನವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಕಾಡಿನಲ್ಲಿ ಜಿಂಕೆ ಕೂಗಿದರೆ 'ಕಾಲ್ ಬಂತು' ಎಂದು ಕುತ್ತಿಗೆ ನಿಮಿರಿಸುತ್ತಾನೆ. ಸೋಮವಾರ ಮ್ಯಾನೇಜರಿನ ಕಾಲ್ ಬಂದಾಗ ಅದೇ ಕುತ್ತಿಗೆ ಭುಜದೊಳಗೆ ಇಳಿಯುತ್ತದೆ.

ಅವನ ವಾದಕ್ಕೆ ಇಬ್ಬರು ದೊಡ್ಡವರ ಸಾಕ್ಷಿ ಸದಾ ಸಿದ್ಧ. ಒಂದು, 'ಉಲ್ಲಾಸ ಕಾರಂತರೂ ಇಂಜಿನಿಯರೇ ತಾನೆ?' ನಿಜ, ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಓದಿದವರು. ಆದರೆ ಆಮೇಲೆ ಅವರು ಬೇಸಾಯ ಮಾಡಿದರು, ಮೂವತ್ತು ದಾಟಿದ ಮೇಲೆ ಫ್ಲಾರಿಡಾಕ್ಕೆ ಹೋಗಿ ವನ್ಯಜೀವಿ ವಿಜ್ಞಾನವನ್ನು ಮೊದಲಿನಿಂದ ಕಲಿತರು, ನಾಗರಹೊಳೆಯಲ್ಲಿ ಹುಲಿಗೆ ರೇಡಿಯೊ ಕಾಲರ್ ತೊಡಿಸಿ ವರ್ಷಗಟ್ಟಲೆ ಅದರ ಹಿಂದೆ ಅಲೆದರು. ನಮ್ಮವನು ಆ ಕಥೆಯನ್ನು 'ಇಂಜಿನಿಯರ್' ಎಂಬಲ್ಲಿಗೇ ನಿಲ್ಲಿಸುತ್ತಾನೆ. ಇನ್ನೊಂದು, 'ತೇಜಸ್ವಿ ಎಲ್ಲ ಬಿಟ್ಟು ಮೂಡಿಗೆರೆಗೆ ಹೋಗಲಿಲ್ವಾ?' ಹೋದರು. ಹೋಗಿ ಕಾಫಿ ತೋಟ ಮಾಡಿದರು. ಆ ತೋಟಕ್ಕೂ ಕೂಲಿ, ಗೊಬ್ಬರ, ಔಷಧಿ ಎಲ್ಲ ಇತ್ತು ಎನ್ನುವುದು ಇವನ ತಲೆಗೆ ಹೋಗಿಲ್ಲ. ಅವರ 'ಕರ್ವಾಲೊ' ಕಾದಂಬರಿ ಓದಿ ಮುಗಿಸಿದ ರಾತ್ರಿ ಅರ್ಧ ಕರ್ನಾಟಕ ಮನಸ್ಸಿನಲ್ಲೇ ರಾಜೀನಾಮೆ ಬರೆದಿದೆ. ಬೆಳಿಗ್ಗೆ ಎದ್ದು ಹಾಜರಿಯನ್ನೂ ಹಾಕಿದೆ.

ನಮ್ಮವನ ರಾಜೀನಾಮೆ ಮನಸ್ಸಿನಲ್ಲಲ್ಲ, ಕಂಪ್ಯೂಟರಿನಲ್ಲೇ ಇದೆ. ದಿನಾಂಕವೊಂದು ಬಿಟ್ಟು ಎಲ್ಲವನ್ನೂ ತುಂಬಿದ್ದಾನೆ. ಜನವರಿಯಲ್ಲಿ ಕೊಡೋಣವೆಂದರೆ ಮಾರ್ಚಿಗೆ ಬೋನಸ್ಸು. ಏಪ್ರಿಲಿನಲ್ಲಿ ಬಡ್ತಿಯ ಮಾತು. ಜೂನಿನಲ್ಲಿ ಮಗಳ ಸ್ಕೂಲ್ ಫೀಸು, ಜೊತೆಗೆ ಮಲೆನಾಡಿನಲ್ಲಿ ಉಂಬಳ. ಅಕ್ಟೋಬರಿನಲ್ಲಿ ಕಂಪನಿಯ ಷೇರು ಕೈಗೆ ಬರುವ ಗಡುವು. ಇನ್ನು ಡಿಸೆಂಬರಿನಲ್ಲಿ, ಇಡೀ ಆಫೀಸೇ ರಜೆಯಲ್ಲಿರುವಾಗ, ಬುದ್ಧಿ ಇದ್ದವರು ಯಾರಾದರೂ ಕೆಲಸ ಬಿಡುತ್ತಾರೆಯೇ?

ದಾರಿಗಳನ್ನೇನೋ ಶ್ರದ್ಧೆಯಿಂದ ಹುಡುಕಿದ್ದಾನೆ. ಮೊದಲು ಕಣ್ಣಿಟ್ಟದ್ದು ಭಾರತೀಯ ಅರಣ್ಯ ಸೇವೆಯ ಮೇಲೆ. ಸಾಮಾನ್ಯ ವರ್ಗಕ್ಕೆ ವಯೋಮಿತಿ 32 ಎಂದು ತಿಳಿದು ಸರ್ಕಾರವನ್ನು ಬೈದ. ಅದರಲ್ಲಿ ಗಂಡಸರಿಗೆ ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್ ನಡೆಯುವ ಪರೀಕ್ಷೆಯೂ ಇದೆ ಎಂದು ತಿಳಿದ ಮೇಲೆ ಬೈಗುಳ ತುಸು ತಣ್ಣಗಾಯಿತು. ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳನ್ನು ನೋಡಿದ. ಅಲ್ಲಿ ಪಿಯುಸಿ ಮುಗಿಸಿ ಬಂದ ಮಕ್ಕಳ ಪಕ್ಕ ಕೂರಬೇಕು, ಅವರು ಅಂಕಲ್ ಎನ್ನುತ್ತಾರೆ. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್ ಎರಡರಲ್ಲೂ ವನ್ಯಜೀವಿ ವಿಷಯದ ಎಂ.ಎಸ್‌ಸಿ. ಇದೆ, ಸೀಟು ತೀರಾ ಕಡಿಮೆ, ಪ್ರವೇಶ ಪರೀಕ್ಷೆ ಬೇರೆ. ಸೇರಿದರೆ ಸಂಖ್ಯಾಶಾಸ್ತ್ರದಿಂದ ತಪ್ಪಿಸಿಕೊಳ್ಳುವಂತಿಲ್ಲ. 'ಹುಲಿ ನೋಡೋಕೆ ಸಂಖ್ಯಾಶಾಸ್ತ್ರ ಯಾಕೆ?' ಎಂದು ಕೇಳುತ್ತಾನೆ. ನೋಡಲಿಕ್ಕೆ ಬೇಡ ಮಾರಾಯ, ಎಣಿಸಲಿಕ್ಕೆ ಬೇಕು.

ಮನೆಯವರು ಬಿಡುತ್ತಿಲ್ಲ ಎಂಬ ನೆಪವೂ ಬಹಳ ಕಾಲ ಅವನನ್ನು ಕಾಪಾಡಿತು. ಅಮ್ಮನದು ಒಂದೇ ಮಾತು: 'ಕಾಡು ಕಾಡು ಅಂತ ಬಡ್ಕೋತೀಯಲ್ಲ, ಬಾಲ್ಕನೀಲಿರೋ ತುಳಸಿಗೆ ಎರಡು ದಿನದಿಂದ ನೀರಿಲ್ಲ, ಮೊದಲು ಅದನ್ನ ಉಳಿಸು.' ಹೆಂಡತಿ ಮಾತ್ರ ಘೋರ ಅನ್ಯಾಯ ಮಾಡಿಬಿಟ್ಟಳು. ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದು, ತನ್ನ ಸಂಬಳ, ಸಾಲದ ಕಂತು, ಹಾಲು, ತರಕಾರಿ ಎಲ್ಲವನ್ನೂ ಎಕ್ಸೆಲ್ಲಿಗೆ ಹಾಕಿ, 'ಎರಡು ವರ್ಷ ನಾನು ನಿಭಾಯಿಸ್ತೀನಿ, ನೀವು ಹೊರಡಿ' ಎಂದಳು. ಅರಣ್ಯಾಕಾಂಕ್ಷಿಯ ಮುಖ ನೋಡಬೇಕಿತ್ತು. ಆ ವಾರವೆಲ್ಲ ಆಫೀಸಿನಲ್ಲಿ ಅವನು ತೋರಿದ ನಿಷ್ಠೆಗೆ ತಿಂಗಳ ಉತ್ತಮ ಉದ್ಯೋಗಿ ಪ್ರಶಸ್ತಿ ಬಂತು.

ಆದರೂ ಒಮ್ಮೆ ಹೋದ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಗೆ ಸ್ವಯಂಸೇವಕನಾಗಿ ಬಂಡೀಪುರದ ಒಂದು ಬೀಟು ಸಿಕ್ಕಿತು. ಲೆನ್ಸನ್ನು ರೇಂಜ್ ಆಫೀಸಿನಲ್ಲೇ ಇಡಿಸಿ, ಕೈಗೆ ನಮೂನೆಯ ಹಾಳೆ ಕೊಟ್ಟರು. ಮೊದಲ ಮೂರು ದಿನ, ದಿನಕ್ಕೆ ಐದು ಕಿಲೋಮೀಟರ್ ನಡೆದು ಮಾಂಸಾಹಾರಿಗಳ ಹೆಜ್ಜೆ, ಮಲ, ಗೀರು ಗುರುತು ದಾಖಲಿಸಬೇಕು. ಆಮೇಲೆ ಬೆಳಗಿನ ಜಾವ ಎರಡು ಕಿಲೋಮೀಟರಿನ ನೇರ ಗೆರೆಯಲ್ಲಿ ಸದ್ದಿಲ್ಲದೆ ನಡೆದು ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಬೇಕು. ಮರಳುವಾಗ ಅದೇ ಗೆರೆಯಲ್ಲಿ ನಿಂತು ನಿಂತು, ನೆಲಕ್ಕೆ ಬಗ್ಗಿ, ಹಿಕ್ಕೆ ಎಣಿಸಬೇಕು. ನೇರ ಗೆರೆ ಎಂದರೆ ನೇರ ಗೆರೆ. ಎದುರಿಗೆ ಲಂಟಾನ ಪೊದೆ ಬಂದರೆ ಪೊದೆಯೊಳಗೆ ನುಗ್ಗಬೇಕು. ಎರಡನೇ ದಿನವೇ ಉಣ್ಣಿ ಹತ್ತಿ ಸೊಂಟವೆಲ್ಲ ದದ್ದೆದ್ದಿತು.

ಮುಂದೆ ನಡೆಯುತ್ತಿದ್ದ ವಾಚರ್ ಕಾಲಿಗೆ ರಬ್ಬರ್ ಚಪ್ಪಲಿ, ಕೈಗೊಂದು ಮಚ್ಚು. ಒಣಗಿದ ಉಂಡೆಯೊಂದನ್ನು ಕಡ್ಡಿಯಲ್ಲಿ ಮುರಿದು, ಒಳಗಿನ ಕೂದಲು ತೋರಿಸಿ, 'ಚಿರತೆದು ಸಾ. ಕಡವೆ ಮರಿ ತಿಂದದೆ' ಎಂದ. ಎರಡು ಡಿಗ್ರಿ ಇದ್ದವನು ಬರೆದುಕೊಂಡ. ಕೊನೆಗೆ ತಡೆಯಲಾರದೆ ಪಿಸುಗುಟ್ಟಿದ, 'ಹುಲಿ ಎಲ್ಲಿ ಕಾಣುತ್ತೆ?'

'ಉಲಿ ನಮ್ಮುನ್ನ ನೋಡಾಯ್ತು ಸಾ. ನಡೀರಿ, ಬರೆಯೋದದೆ.'

ರಾತ್ರಿ ಕಳ್ಳಬೇಟೆ ತಡೆ ಶಿಬಿರದಲ್ಲಿ ವಾಸ. ಸುತ್ತ ಆನೆ ಕಂದಕ, ಒಳಗೆ ಸೋಲಾರ್ ದೀಪ, ಅನ್ನ, ಹುರುಳಿ ಸಾರು. ಫೋನಿಗೆ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ನಮ್ಮವನು ನಕ್ಷತ್ರ ನೋಡುತ್ತಾ, 'ಏನು ಜೀವನ ರೀ ನಿಮ್ಮದು! ಪುಣ್ಯವಂತರು' ಎಂದ. ವಾಚರ್ ಬೀಡಿ ಆರಿಸಿ ಕೇಳಿದ: 'ನಿಮ್ಗೆ ಸಂಬ್ಳ ಎಷ್ಟು ಬತ್ತದೆ ಸಾ?' ನಾಚಿಕೆಯಾಗಿ ಅರ್ಧ ಮಾಡಿ ಹೇಳಿದ. ಆ ಅರ್ಧವನ್ನು ಕೇಳಿಯೇ ವಾಚರ್ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಂದಿನ್ನೂ ಕಾಯಂ ಆಗಿಲ್ಲ. ನಮ್ ಹುಡ್ಗುಂಗೆ ನಿಮ್ ಆಪೀಸಲ್ಲಿ ಸೆಕ್ಯೂರಿಟಿ ಕೆಲ್ಸ ಏನಾರ ಸಿಕ್ಕದಾ ಸಾ?' ಎಂದ. ಒಬ್ಬ ಕಾಡಿಗೆ ಬರಲು ಶಿಫಾರಸು ಹುಡುಕುತ್ತಿದ್ದ, ಇನ್ನೊಬ್ಬ ಕಾಡಿನಿಂದ ಮಗನನ್ನು ದಾಟಿಸಲು.

ಇದೇ ಶಿಬಿರದವರು ಬೇಸಿಗೆಗೆ ಮುಂಚೆ ಬಿಸಿಲಲ್ಲಿ ನಿಂತು, ಕಿಚ್ಚು ಹಬ್ಬದಂತೆ ಬೆಂಕಿ ರೇಖೆ ಸವರುತ್ತಾರೆ. ಬೆಂಕಿ ಬಿದ್ದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಾರೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತಿರುಗಿ ಬರಲಿಲ್ಲ. ಅರಣ್ಯಾಕಾಂಕ್ಷಿಯ ಹೆಂಡತಿ ಮಾಡಿದ ಎಕ್ಸೆಲ್ಲಿನಲ್ಲಿ ಈ ಬಾಬ್ತಿಗೆ ಕಾಲಮ್ಮೇ ಇಲ್ಲ.

ವಾಪಸು ಹೊರಡುವ ಮುನ್ನ ಕಾಡಂಚಿನ ಊರೊಂದರಲ್ಲಿ ಆನೆ ಕಾಟದ ಬಗ್ಗೆ ರೈತರ ಸಭೆ ಇತ್ತು. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆ; ದೇಶದಲ್ಲೇ ನಾವು ಮೊದಲು. ವಿಧಾನಸೌಧದಲ್ಲಿ ಇದು ಹೆಮ್ಮೆ. ಹಿಂದಿನ ರಾತ್ರಿ ಬಾಳೆ ತೋಟ ಕಳೆದುಕೊಂಡವನಿಗೆ ಇದು ಪರಿಹಾರದ ಅರ್ಜಿ, ಪಹಣಿಯ ನಕಲು, ಫೋಟೊ, ಮತ್ತೊಮ್ಮೆ ಅರ್ಜಿ. ನಮ್ಮವನು ಎದ್ದು ನಿಂತು ಆನೆ ಕಾರಿಡಾರಿನ ಮಹತ್ವವನ್ನು ಹತ್ತು ನಿಮಿಷ ವಿವರಿಸಿದ. ಆನೆಗಳು ನಮ್ಮ ದಾರಿಗೆ ಬಂದಿಲ್ಲ, ನಾವೇ ಆನೆಗಳ ದಾರಿಗೆ ಬಂದಿದ್ದೇವೆ ಎಂದು ಮುಗಿಸಿದ. ಹಿಂದಿನಿಂದ ಒಬ್ಬ ಅಜ್ಜ ಕೇಳಿದ: 'ನೀವು ಎಲ್ಲಿರಾದು ಸಾ?' ಬೆಂಗಳೂರು, ಅಪಾರ್ಟ್‌ಮೆಂಟು. 'ಹಂಗಾರೆ ಎರಡ್ ಮರಿ ಕರ್ಕೊಂಡೋಗಿ. ಲಿಪ್ಟ್ ಇರ್ತದಲ್ಲ.' ಸಭೆ ನಕ್ಕಿತು. ಜೊತೆಗಿದ್ದ ಅಧಿಕಾರಿ ನಗಲಿಲ್ಲ, ಅರ್ಜಿಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಸಂರಕ್ಷಣೆಯ ನೌಕರಿಯಲ್ಲಿ ಪ್ರಾಣಿಗಿಂತ ಮನುಷ್ಯರ ಜೊತೆಗೇ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ. ನಮ್ಮವನೋ, ಮನುಷ್ಯರ ಕಾಟ ತಾಳಲಾರದೆ ಕಾಡಿಗೆ ಹೊರಟವನು.

ಊರಿಗೆ ಬಂದ ಮೇಲೆ ಒಂದು ನಿಜವಾದ ಅವಕಾಶವೂ ಬಂತು. ವನ್ಯಜೀವಿ ಅಧ್ಯಯನದ ತಂಡವೊಂದು ಕಂಪ್ಯೂಟರ್ ಬಲ್ಲವರನ್ನು ಹುಡುಕುತ್ತಿತ್ತು. 2018ರ ದೇಶವ್ಯಾಪಿ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಕಟ್ಟಿದ್ದರು. ಸಿಕ್ಕಿದ ಚಿತ್ರ ಸುಮಾರು 3.49 ಕೋಟಿ, ಅದರಲ್ಲಿ ಹುಲಿಯದು 76,651. ಉಳಿದದ್ದೆಲ್ಲ ಜಿಂಕೆ, ಹಂದಿ, ದನ, ಗಾಳಿಗೆ ಅಲ್ಲಾಡಿದ ಹುಲ್ಲು, ಕ್ಯಾಮೆರಾದ ಒಳಗೇ ಇಣುಕಿದ ಮಂಗ. ಇವನ್ನು ಬೇರ್ಪಡಿಸಬೇಕು. ಹುಲಿಯ ಎಡ ಬಲದ ಪಟ್ಟೆ ಒಂದೇ ತರ ಇರುವುದಿಲ್ಲ. ಎರಡೂ ಪಕ್ಕದ ಚಿತ್ರವನ್ನು ತಂತ್ರಾಂಶದಲ್ಲಿ ತಾಳೆ ಹಾಕಿ ಇದು ಅದೇ ಹುಲಿಯೋ ಬೇರೆಯೋ ಎಂದು ತೀರ್ಮಾನಿಸಬೇಕು. 2022ರಲ್ಲಿ ಕರ್ನಾಟಕದಲ್ಲಿ 563 ಹುಲಿ ಎಂಬ ಸಂಖ್ಯೆಯ ಹಿಂದೆ ಇಂಥ ದುಡಿಮೆ ಇದೆ. ಇವನಿಗೆ ಹೇಳಿ ಮಾಡಿಸಿದ ಕೆಲಸ. ಶನಿವಾರ, ಭಾನುವಾರ ಮನೆಯಿಂದಲೇ ಮಾಡಬಹುದಿತ್ತು, ರಾಜೀನಾಮೆಯೂ ಬೇಕಿರಲಿಲ್ಲ. ಅವನು ನೊಂದು ನುಡಿದ: 'ಅಲ್ಲೂ ಲ್ಯಾಪ್‌ಟಾಪೇನಾ?'

ಅದೇ ಲ್ಯಾಪ್‌ಟಾಪಿನ ಪರದೆಯ ಮೇಲೆ ತುಳಸಿ ಗೌಡರ ಫೋಟೊ ಇದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಆಕೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕೆಂದು ತಿಳಿದಿದ್ದರು; ಆರಿಸಿದರು, ಸಸಿ ಮಾಡಿದರು, ನೆಟ್ಟರು. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ಸಂರಕ್ಷಣೆಯನ್ನು ವೃತ್ತಿಯಾಗಿ ಆರಿಸಿಕೊಳ್ಳಲೋ ಬೇಡವೋ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೂಲಿ ಇತ್ತು, ಹೋದರು.

ಇಂಥ ಅರಣ್ಯಾಕಾಂಕ್ಷಿ ನಿಮ್ಮ ಮನೆಯಲ್ಲೂ ಒಬ್ಬನಿದ್ದರೆ ಗಾಬರಿ ಬೇಡ. ತಡೆಯಲೂ ಬೇಡಿ, ಗೇಲಿಯನ್ನೂ ಮಾಡಬೇಡಿ. ಅವನ ಪ್ರೀತಿ ಸುಳ್ಳಲ್ಲ, ಅಭ್ಯಾಸವಿಲ್ಲ ಅಷ್ಟೇ. ಮುಂದಿನ ಜನವರಿಯಲ್ಲಿ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಇಲಾಖೆಯವರು ಒಪ್ಪಿದರೆ ಬೆಂಕಿ ರೇಖೆ ಸವರುವವರ ಜೊತೆ ಒಂದು ವಾರ ಕಳಿಸಿ. ಬಂದ ಮೇಲೂ ಕಾಡಿನ ಮಾತೇ ಆಡಿದರೆ ರಾಜೀನಾಮೆಯ ದಿನಾಂಕವನ್ನು ನೀವೇ ತುಂಬಿಕೊಡಿ. ಕಾಡು ನೋಡುವವರಿಗೆ ನಮ್ಮಲ್ಲಿ ಬರವಿಲ್ಲ, ಕಾಡಿನ ಕೆಲಸಕ್ಕೆ ಆಳು ಸಾಲದು.