ಪೆನ್‌ಡ್ರೈವಿನೊಳಗಿನ ಮದುವೆ ಯಾರದು?

ಪಕ್ಕದ ಮನೆ ಅಕ್ಕನಿಗೆ ಅವರ ಸೋದರತ್ತೆಯಿಂದ ದಿನವೂ ವಾಯ್ಸ್ ಮೆಸೇಜ್ ಬರುತ್ತೆ. ಕಾಂಪೌಂಡಿನ ಈಚೆ ನಿಂತ ನನಗೂ ಕೇಳುವಷ್ಟು ಜೋರಾಗಿ ಹಾಕಿಕೊಂಡು, ಕೇಳುತ್ತಲೇ ದಾಸವಾಳ ಕೀಳುತ್ತಾರೆ. ಅತ್ತೆಯದು ಹಳೇ ಆಂಡ್ರಾಯ್ಡ್ ಫೋನು, ಅಮೆರಿಕದಲ್ಲಿರುವ ಮಗಳದು ಐಫೋನು, ಅಕ್ಕನದು ಇನ್ನೊಂದು ಕಂಪನಿಯದು. ಯಾರು ಯಾರಿಗೆ ಕಳಿಸಿದರೂ ಒತ್ತಿದ ಕೂಡಲೇ ಮಾತು ಶುರುವಾಗುತ್ತೆ.

“ಇದಕ್ಕೆ ಯಾವತ್ತೂ ಏನೂ ತಕರಾರಿಲ್ಲ ನೋಡು. ಆ ಟೀವಿಗೆ ಏನು ಬಂದಿದೆ ಅಂತೀನಿ” ಅಂದರು.

ತಮ್ಮನ ಮಗಳ ಮದುವೆ ವಿಡಿಯೊ ಪೆನ್‌ಡ್ರೈವಿನಲ್ಲಿ ಬಂದಿದೆಯಂತೆ. ಟೀವಿಗೆ ಚುಚ್ಚಿದರೆ ಫೈಲಿನ ಹೆಸರು ಕಾಣುತ್ತೆ, ಒತ್ತಿದರೆ ‘ಫಾರ್ಮ್ಯಾಟ್ ನಾಟ್ ಸಪೋರ್ಟೆಡ್’ ಅಂತ ಬರುತ್ತೆ. ಹೆಸರಿನ ಕೊನೆಗೆ ಎಂಪಿ4 ಅಂತಲೇ ಇದೆ. ಇದೇ ಟೀವಿಯಲ್ಲಿ ಬೇರೆ ಎಂಪಿ4 ಎಲ್ಲ ಓಡಿವೆ. ಪೆನ್‌ಡ್ರೈವೇ ಹಾಳಾಗಿದೆ ಅಂತ ಅಂಗಡಿಯವನು ಹೇಳಿ ಹೊಸದೊಂದನ್ನು ಮಾರಿಯೂ ಆಗಿದೆ.

“ಪೆನ್‌ಡ್ರೈವ್ ಚೆನ್ನಾಗಿದೆ ಅಕ್ಕ. ಎಂಪಿ4 ಅನ್ನೋದು ಬರೀ ಡಬ್ಬಿ. ಡಬ್ಬಿ ಒಂದೇ ಇದ್ದರೂ ಒಳಗೆ ರವೆನೂ ಇರಬಹುದು, ಸಕ್ಕರೆನೂ ಇರಬಹುದು. ಹೊಸ ಕ್ಯಾಮೆರಾದವರು ಒಳಗೆ ಎಚ್.265 ಅನ್ನೋ ಹೊಸ ವಿಧಾನದ ವಿಡಿಯೊ ತುಂಬಿ ಕೊಟ್ಟಿರ್ತಾರೆ. ನಿಮ್ಮ ಟೀವಿ ಚಿಪ್ಪಿಗೆ ಬರೋದು ಹಳೇ ಎಚ್.264 ಮಾತ್ರ.”

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಹ್ಯಾಂಡ್‌ಬ್ರೇಕ್ ಅಂತ ಒಂದು ಪ್ರೋಗ್ರಾಂ ಇದೆ, ದುಡ್ಡಿಲ್ಲ. ಅದಕ್ಕೆ ಫೈಲು ಕೊಟ್ಟು, ಎಚ್.264 ಆರಿಸಿ, ರಾತ್ರಿ ಓಡೋಕೆ ಬಿಟ್ಟರೆ ಬೆಳಿಗ್ಗೆಗೆ ಟೀವಿಯಲ್ಲಿ ಹಾಕುವಂಥ ಪ್ರತಿ ಸಿದ್ಧವಾಗಿರುತ್ತೆ. ಫೋಟೊದವನು ಕೊಟ್ಟ ಮೂಲ ಫೈಲನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬಾರದು. ಒಮ್ಮೆ ಇಳಿಸಿದ ಗುಣಮಟ್ಟವನ್ನು ಮತ್ತೆ ಏರಿಸೋಕೆ ಆಗಲ್ಲ. ಇಷ್ಟು ಹೇಳಿ ಒಳಗೆ ಬರಬಹುದಿತ್ತು. ಅಕ್ಕ ಬಿಡಲಿಲ್ಲ. “ಅತ್ತೆ ಮಾತು ಎಲ್ಲ ಫೋನಿಗೂ ಬರುತ್ತೆ, ನಮ್ಮ ಹುಡುಗಿ ಮದುವೆ ನಮ್ಮ ಟೀವಿಗೇ ಬರಲ್ಲ ಅಂದ್ರೆ ಏನರ್ಥ?” ಅಂತ ಕೇಳಿದರು. ಸರಿಯಾದ ಜಾಗಕ್ಕೇ ಕೈ ಹಾಕಿದ್ದರು.

ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜನ್ನು ಫೋನಿನ ಫೋಲ್ಡರಿನಲ್ಲಿ ಹುಡುಕಿ ನೋಡಿದರೆ ಹೆಸರಿನ ಕೊನೆಗೆ ಓಪಸ್ ಅಂತ ಇರುತ್ತೆ. ಅದು ಧ್ವನಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನ, ಅಂದರೆ ಕೋಡೆಕ್. 2012ರಲ್ಲಿ ಇಂಟರ್ನೆಟ್ಟಿನ ಮಾನಕಗಳನ್ನು ಬರೆಯುವ ಐಇಟಿಎಫ್ ಅದನ್ನು ಹೊರತಂದಿತು. ವಿವರ ಎಲ್ಲರಿಗೂ ಸಿಗುತ್ತೆ, ಕೋಡ್ ತೆರೆದಿದೆ, ಬಳಸುವವರು ರಾಯಲ್ಟಿ ಕಟ್ಟಬೇಕಿಲ್ಲ. ಹೀಗಾಗಿ ಯಾವ ಕಂಪನಿಯೂ ಅದನ್ನು ಸೇರಿಸಿಕೊಳ್ಳುವ ಮುಂಚೆ ವಕೀಲರ ಹತ್ತಿರ ಓಡಬೇಕಾಗಿಲ್ಲ. ಹಳ್ಳಿಯಲ್ಲಿ ಕೂತ ಅತ್ತೆಯ ದನಿ ಅಮೆರಿಕದ ಮಗಳಿಗೆ ಕೇಳುವುದರ ಹಿಂದೆ ಈ ಉದಾರತೆ ಇದೆ. ಅದನ್ನು ನೆನೆಯುವವರು ಕಡಿಮೆ ಅನ್ನುವುದು ನನ್ನ ಕೊರಗು.

ವಿಡಿಯೊದ ಕಥೆ ಹೀಗೆ ಸಲೀಸಾಗಿ ಸಾಗಲಿಲ್ಲ. ಅದಕ್ಕೆ ಮೊದಲ ಕಾರಣ ಅದರ ಗಾತ್ರ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ 1920 ಗುಣಿಸು 1080, ಅಂದರೆ 20 ಲಕ್ಷಕ್ಕೂ ಮೇಲೆ ಚುಕ್ಕಿಗಳು. ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ ಅಂತ ಲೆಕ್ಕ ಹಾಕಿದರೆ ಒಂದು ಸೆಕೆಂಡಿಗೆ 155 ಎಂಬಿ ಆಗುತ್ತೆ. ಒಂದು ಗಂಟೆಗೆ ಸುಮಾರು 560 ಜಿಬಿ. ವರಪೂಜೆಯಿಂದ ಹಿಡಿದು ಹೆಣ್ಣೊಪ್ಪಿಸುವ ತನಕ ಹೀಗೇ ಇಟ್ಟುಕೊಳ್ಳೋಕೆ ಯಾವ ಪೆನ್‌ಡ್ರೈವೂ ಸಾಲದು. ಅದಕ್ಕೇ ಕೋಡೆಕ್ ಇಡೀ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಬರೆದಿಟ್ಟು, ನಡುವಿನ ಚಿತ್ರಗಳಲ್ಲಿ ಏನು ಬದಲಾಯಿತು, ಯಾವ ತುಂಡು ಯಾವ ಕಡೆಗೆ ಸರಿಯಿತು ಅನ್ನುವುದನ್ನಷ್ಟೇ ಬರೆಯುತ್ತೆ. ಮಂಟಪ, ಬಾಳೆಕಂದು, ಹಿಂದಿನ ಹೂವಿನ ಅಲಂಕಾರ ಅಲ್ಲಾಡುವುದಿಲ್ಲ. ಪುರೋಹಿತರ ಕೈ ಆಡುತ್ತೆ, ಹುಡುಗಿ ತಲೆ ಬಗ್ಗಿಸುತ್ತಾಳೆ. ಕೋಡೆಕ್ಕಿಗೆ ಇಲ್ಲಿ ಕೆಲಸ ಹಗುರ.

ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಏರುತ್ತೆ, ನಾಲ್ಕು ಕಡೆಯಿಂದ ಅಕ್ಷತೆ ಬೀಳುತ್ತೆ. ಒಂದೊಂದು ಕಾಳಿಗೂ ಒಂದೊಂದು ದಾರಿ. ಹಿಂದಿನ ಚಿತ್ರದ ತುಂಡನ್ನು ಸರಿಸಿ ಹೊಸ ಚಿತ್ರ ಕಟ್ಟುವ ಉಪಾಯ ಆಗ ಕೈ ಕೊಡುತ್ತೆ, ಮೀಸಲಿಟ್ಟ ಬೈಟುಗಳು ಸಾಲುವುದಿಲ್ಲ. ಎಲ್ಲರೂ ನೋಡಬೇಕೆಂದಿರುವ ಆ ಘಳಿಗೆಯಲ್ಲೇ ಮುಖಗಳು ಚೌಕ ಚೌಕವಾಗಿ ಒಡೆದು ಕಾಣುತ್ತವೆ. ಅಗ್ಗದ ಎನ್‌ಕೋಡಿಂಗ್‌ನ ಮದುವೆ ವಿಡಿಯೊ ಇದ್ದರೆ ತೆಗೆದು ನೋಡಿ. ಈ ಘಳಿಗೆಯನ್ನು ಚೆನ್ನಾಗಿ ಉಳಿಸೋದು ಹೇಗೆ ಅಂತ ನೂರಾರು ಎಂಜಿನಿಯರುಗಳು ದಶಕಗಳ ಕಾಲ ತಲೆ ಕೆಡಿಸಿಕೊಂಡಿದ್ದಾರೆ. ಅವರ ದುಡಿಮೆಗೆ ನನ್ನ ಗೌರವ ದೊಡ್ಡದು. ಆ ದುಡಿಮೆಗೆ ಸಂಬಳವೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಣ ವಸೂಲಾಗುವ ರೀತಿ ನೋಡಿದಾಗ ಸಂಕಟವಾಗುತ್ತೆ.

2003ರಲ್ಲಿ ಎಚ್.264 ಬಂತು. ಹತ್ತಾರು ಕಂಪನಿಗಳ ಪೇಟೆಂಟುಗಳು ಅದರೊಳಗಿವೆ. ಎಂಪೆಗ್ ಎಲ್‌ಎ ಅನ್ನುವ ಸಂಸ್ಥೆ ಅವನ್ನೆಲ್ಲ ಒಂದು ಕಂತೆ ಮಾಡಿ ಲೈಸೆನ್ಸ್ ಕೊಡುತ್ತಿತ್ತು. ವರ್ಷಕ್ಕೆ ಮೊದಲ 1 ಲಕ್ಷ ಪ್ರತಿಗೆ ದುಡ್ಡಿಲ್ಲ, ಆಮೇಲೆ ಒಂದೊಂದಕ್ಕೆ 20 ಸೆಂಟ್, 50 ಲಕ್ಷ ದಾಟಿದ ಮೇಲೆ 10 ಸೆಂಟ್. ಫೋನು ಮಾಡುವವನಿಗೆ ಇದು ಹೊರೆಯಲ್ಲ, ಬೆಲೆಯಲ್ಲಿ ಸೇರಿಸಿಬಿಡುತ್ತಾನೆ. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಪ್ರೋಗ್ರಾಮಿಗೆ ಮಾತ್ರ ಇದು ಹೊಂದುವುದೇ ಇಲ್ಲ. ಅದರ ಪ್ರತಿಗಳನ್ನು ಯಾರೂ ಎಣಿಸುವುದಿಲ್ಲ, ಲೆಕ್ಕ ಕೊಡದೆ ಹಂಚಬಹುದು ಅನ್ನುವುದೇ ಅದರ ಶರತ್ತು. ತಲೆಗಿಷ್ಟು ಅಂತ ಕಟ್ಟುವುದು ಯಾರು?

“ಅಂದ್ರೆ ಓಪನ್ ಸೋರ್ಸ್ ಅಂದ್ಮೇಲೂ ದುಡ್ಡು ಕಟ್ಬೇಕಾ?” ಅಂತ ಅಕ್ಕ ಕೇಳಿದರು. ಇಲ್ಲೇ ಬಹಳ ಜನ ಎಡವೋದು. ಎಚ್.264 ಎನ್‌ಕೋಡರುಗಳಲ್ಲಿ ತುಂಬ ಹೆಸರು ಮಾಡಿದ ಎಕ್ಸ್264 ಪೂರ್ತಿ ಓಪನ್ ಸೋರ್ಸ್. ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಆ ಕೋಡ್ ಅನುಸರಿಸುವ ವಿಧಾನಕ್ಕೆ ಪೇಟೆಂಟ್ ಇದೆ. ಕೋಡ್ ತೆರೆದಿರುವುದು ಒಂದು, ವಿಧಾನ ಮುಕ್ತವಾಗಿರುವುದು ಇನ್ನೊಂದು. 2013ರಲ್ಲಿ ಸಿಸ್ಕೊ ಕಂಪನಿ ತನ್ನ ಓಪನ್‌ಎಚ್264 ಕೋಡನ್ನು ಬಿಡುಗಡೆ ಮಾಡಿ, ತಾನೇ ಸಿದ್ಧಪಡಿಸಿ ಹಂಚುವ ಪ್ರತಿಗಳ ರಾಯಲ್ಟಿಯನ್ನು ತಾನೇ ಕಟ್ಟುತ್ತೇನೆ ಅಂದಿತು. ಫೈರ್‌ಫಾಕ್ಸ್ ಬ್ರೌಸರ್ ಅದನ್ನು ಸಿಸ್ಕೊ ಜಾಗದಿಂದಲೇ ಇಳಿಸಿಕೊಳ್ಳುವುದು ಇದಕ್ಕಾಗಿ. ಎಲ್ಲರಿಗೂ ಇಂಥ ದಾನಿ ಸಿಗುವುದಿಲ್ಲ. 2022ರಲ್ಲಿ ಫೆಡೋರಾ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನವರು, ಗ್ರಾಫಿಕ್ಸ್ ಚಿಪ್ಪಿನ ನೆರವಿನಿಂದ ಎಚ್.264ರಂಥ ಕೋಡೆಕ್‌ಗಳ ವಿಡಿಯೊ ಬಿಡಿಸುವ ಭಾಗವನ್ನು ತಮ್ಮ ಪ್ಯಾಕೇಜಿನಿಂದ ತೆಗೆದರು. ಚಿಪ್ಪಿನಲ್ಲಿ ಶಕ್ತಿ ಇದೆ, ಕೋಡ್ ಬರೆದಾಗಿದೆ, ಆದರೂ ಕಾನೂನಿನ ಭಯ.

2013ರಲ್ಲಿ ಎಚ್.265 ಬಂದಾಗ ಗೋಜಲು ಇನ್ನೂ ಹೆಚ್ಚಿತು. ಸುಮಾರು ಅರ್ಧದಷ್ಟು ಜಾಗದಲ್ಲಿ ಅದೇ ಗುಣಮಟ್ಟ ಕೊಡುವ ಕೋಡೆಕ್ ಅದು, ತಾಂತ್ರಿಕವಾಗಿ ಬಹಳ ಒಳ್ಳೆಯದು. ಆದರೆ ಪೇಟೆಂಟುದಾರರು ಒಂದು ಕಡೆ ಸೇರಲಿಲ್ಲ. ಎಂಪೆಗ್ ಎಲ್‌ಎ ಒಂದು ಕಂತೆ, 2015ರಲ್ಲಿ ಎಚ್‌ಇವಿಸಿ ಅಡ್ವಾನ್ಸ್ ಇನ್ನೊಂದು, 2017ರಲ್ಲಿ ವೆಲೋಸ್ ಮೀಡಿಯಾ ಮತ್ತೊಂದು. ಯಾವ ಕಂತೆಗೂ ಸೇರದೆ ಹೊರಗುಳಿದವರು ಬೇರೆ. ಮೂರೂ ಕಡೆ ಕಟ್ಟಿದ ಮೇಲೂ ನಾಲ್ಕನೆಯವನು ಬಂದು ಕೇಳಲಾರ ಅನ್ನುವ ಭರವಸೆ ಯಾರಿಗೂ ಇರಲಿಲ್ಲ. ಹಲವು ಬ್ರೌಸರುಗಳು ವರ್ಷಗಟ್ಟಲೆ ಅದನ್ನು ದೂರ ಇಟ್ಟವು. ಚಿಪ್ಪಿನಲ್ಲಿ ಎಚ್.265 ಬಿಡಿಸುವ ಶಕ್ತಿ ಇದ್ದರೂ ಕೆಲವು ಲ್ಯಾಪ್‌ಟಾಪ್ ಮಾದರಿಗಳಲ್ಲಿ ಅದನ್ನು ಬಂದ್ ಮಾಡಿ ಮಾರುತ್ತಿರುವುದು 2025ರಲ್ಲಿ ಸುದ್ದಿಯಾಯಿತು. ಕೊಂಡವನು ಕೊಂಡ ಯಂತ್ರದೊಳಗೇ ಇರುವ ಸೌಕರ್ಯ ಕೊಂಡವನಿಗೇ ಸಿಗದು. ಇದು ಅನ್ಯಾಯ ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ.

“ನಮ್ಮ ದೇಶದಲ್ಲೂ ಹೀಗೇನಾ?”

ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ. 2004ರ ಕೊನೆಗೆ ಸುಗ್ರೀವಾಜ್ಞೆಯ ಮೂಲಕ ಅದನ್ನು ಸಡಿಲಿಸಲು ಹೊರಟಿದ್ದರು. 2005ರಲ್ಲಿ ಸಂಸತ್ತು ಆ ಬದಲಾವಣೆಯನ್ನು ಕೈಬಿಟ್ಟಿತು. ಆದರೆ ಟೀವಿ, ಫೋನು, ಚಿಪ್ಪು ಜಗತ್ತಿಗೆಲ್ಲ ಸೇರಿ ತಯಾರಾಗುವ ವಸ್ತುಗಳು. ಎಲ್ಲೋ ಕಟ್ಟಿದ ದುಡ್ಡು ನಾವು ಕೊಡುವ ಬೆಲೆಯಲ್ಲಿ ಬಂದೇ ಬರುತ್ತೆ.

ಫ್ರಾನ್ಸಿನಲ್ಲೂ ಕಾನೂನು ಹೆಚ್ಚುಕಡಿಮೆ ಹೀಗೇ ಇರುವುದರಿಂದ ವಿಎಲ್‌ಸಿ ಉಳಿದಿದೆ. ರಸ್ತೆಯಲ್ಲಿಡುವ ಕಿತ್ತಳೆ ಬಣ್ಣದ ಕೋನ್ ಗುರುತಿನ ಪ್ಲೇಯರ್ ಅಂದರೆ ಅಕ್ಕನಿಗೂ ಗೊತ್ತು. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾಗಿದ್ದು, 2001ರಲ್ಲಿ ಮುಕ್ತ ಲೈಸೆನ್ಸ್ ಪಡೆಯಿತು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲ ಕಡೆ ಓಡುತ್ತೆ, ಬೇಕಾದ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತೆ. ಅದರ ಹೊಣೆ ಹೊತ್ತ ಜಾನ್-ಬಾಪ್ಟಿಸ್ಟ್ ಕೆಂಪ್ಫ್, ಜಾಹೀರಾತು ಸೇರಿಸಿದರೆ ಭಾರೀ ಮೊತ್ತ ಕೊಡುತ್ತೇವೆ ಅಂದವರನ್ನು ವಾಪಸ್ಸು ಕಳಿಸಿದವರು. ಅದೇ ವಿಎಲ್‌ಸಿಯ ವೆಬ್‌ಸೈಟ್ 2022ರ ಫೆಬ್ರುವರಿಯಿಂದ ನಮ್ಮ ದೇಶದಲ್ಲಿ ತೆರೆಯದಂತಾಗಿತ್ತು. ಅವರು ಕಾರಣ ಕೇಳಿ ಲೀಗಲ್ ನೋಟಿಸ್ ಕೊಟ್ಟ ಮೇಲೆ ನವೆಂಬರಿನಲ್ಲಿ ತಡೆ ತೆರವಾಯಿತು. ಅಷ್ಟು ತಿಂಗಳು ಜನ ಅದನ್ನು ಗೊತ್ತುಗುರಿಯಿಲ್ಲದ ಜಾಗಗಳಿಂದ ಇಳಿಸಿಕೊಳ್ಳಬೇಕಾಯಿತು ಅನ್ನುವುದು ನನಗೆ ಈಗಲೂ ಬೇಸರದ ವಿಷಯ.

ಕೋಡೆಕ್ಕನ್ನೇ ಮುಕ್ತ ಮಾಡುವ ಪ್ರಯತ್ನವೂ ಹಳೆಯದೇ. ಆನ್2 ಕಂಪನಿ ಬಿಟ್ಟುಕೊಟ್ಟ ವಿಪಿ3ಯಿಂದ ಥಿಯೋರಾ ಹುಟ್ಟಿತು, ಗುಣಮಟ್ಟದಲ್ಲಿ ಎಚ್.264ರ ಸಮ ನಿಲ್ಲಲಿಲ್ಲ. 2010ರಲ್ಲಿ ಗೂಗಲ್ ಆನ್2 ಕೊಂಡು ವಿಪಿ8 ಅನ್ನು ವೆಬ್‌ಎಂ ಅನ್ನುವ ಡಬ್ಬಿಯಲ್ಲಿಟ್ಟು ಮುಕ್ತ ಮಾಡಿತು, 2013ರಲ್ಲಿ ವಿಪಿ9 ಬಂತು. ಎಚ್.265ರ ಗೋಜಲಿಗೆ ಬೇಸತ್ತು 2015ರಲ್ಲಿ ಅಮೆಜಾನ್, ಸಿಸ್ಕೊ, ಗೂಗಲ್, ಇಂಟೆಲ್, ಮೈಕ್ರೋಸಾಫ್ಟ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಒಂದಾದವು. 2018ರಲ್ಲಿ ಎವಿ1 ಅನ್ನುವ ಮುಕ್ತ ಕೋಡೆಕ್ ಕೊಟ್ಟವು. ಇವರೆಲ್ಲ ಧರ್ಮಕ್ಕೆ ಸೇರಿದವರಲ್ಲ, ತಮ್ಮ ಖರ್ಚು ಉಳಿಸೋಕೆ ಸೇರಿದವರು. ಆದರೂ ಫಲ ಎಲ್ಲರಿಗೂ ದಕ್ಕಿತು. ಹಾರ್ಡ್‌ವೇರ್ ಇಲ್ಲದ ಕಡೆಯೂ ಎವಿ1 ಓಡಲಿ ಅಂತ ವಿಎಲ್‌ಸಿ ಬಳಗದವರೇ ಡೇವಿಡ್ ಅನ್ನುವ ಚುರುಕು ಡಿಕೋಡರ್ ಬರೆದರು. ಎನ್‌ಕೋಡ್ ಮಾಡೋದು ನಿಧಾನ, ಹಳೇ ಟೀವಿಗೆ ಬರಲ್ಲ, ಎವಿ1 ಮೇಲೂ ನಮ್ಮ ಹಕ್ಕಿದೆ ಅಂತ ಪೇಟೆಂಟ್ ಕಂತೆ ಹಿಡಿದು ಬಂದವರಿದ್ದಾರೆ. ಇದೆಲ್ಲ ನಿಜವೇ. ಆದರೂ ದಾರಿ ಇದೇ ಅಂತ ನನ್ನ ನಂಬಿಕೆ.

ಅಕ್ಕ ಒಂದು ಆಕ್ಷೇಪ ತೆಗೆದರು. ಅವರ ಮೈದುನ ಊರಿನ ಯಕ್ಷಗಾನದ ವಿಡಿಯೊವನ್ನು ಕನ್ನಡ ವಿಕಿಪೀಡಿಯಕ್ಕೆ ಸೇರಿಸಲು ಹೋದಾಗ ಎಂಪಿ4 ತೆಗೆದುಕೊಳ್ಳಲಿಲ್ಲವಂತೆ. “ಒಳ್ಳೆ ಕೆಲಸ ಮಾಡೋರಿಗೆ ಅಡ್ಡಿ ಯಾಕೆ? ನೋಡೋರಿಗೆ ಕಂಡ್ರೆ ಸಾಕಲ್ವಾ?”

ವಿಕಿಪೀಡಿಯದ ಚಿತ್ರ, ವಿಡಿಯೊಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್ ಮುಕ್ತ ಕೋಡೆಕ್‌ಗಳನ್ನಷ್ಟೇ ಒಪ್ಪುತ್ತೆ. 2014ರಲ್ಲಿ ಎಂಪಿ4 ಬಿಟ್ಟುಕೊಳ್ಳೋಣವೇ ಅಂತ ಸಮುದಾಯದ ಮುಂದಿಟ್ಟಾಗ ಬೇಡ ಅನ್ನುವ ಕಡೆಯೇ ತೂಕ ಹೆಚ್ಚಾಯಿತು. ವಿಡಿಯೊವನ್ನು ವೆಬ್‌ಎಂ ಮಾಡಿ ಹಾಕಬೇಕು, ಅದು ತ್ರಾಸದ ಕೆಲಸ ಅಂತ ನಾನೂ ಒಪ್ಪಿದೆ. ಆದರೆ ಅಲ್ಲಿ ಸೇರಿದ್ದನ್ನು ಯಾರು ಬೇಕಾದರೂ ಇಳಿಸಿ, ತಿದ್ದಿ, ಶಾಲೆಯಲ್ಲಿ ತೋರಿಸಿ, ಮತ್ತೆ ಹಂಚಬಹುದು ಅನ್ನುವುದೇ ಆ ಜಾಗದ ಮಾತು. ಹಂಚುವವನ ಕೈಗೆ ಲೈಸೆನ್ಸಿನ ಅನುಮಾನ ಕೊಟ್ಟರೆ ಆ ಮಾತಿಗೆ ಬೆಲೆ ಇರುವುದಿಲ್ಲ. ಪೇಟೆಂಟಿಗೆ 20 ವರ್ಷದ ಆಯುಸ್ಸು. ಎಂಪಿ3 ಪೇಟೆಂಟುಗಳು 2017ರಲ್ಲಿ ಮುಗಿದವು. ಎಚ್.264ರವೂ ಒಂದೊಂದಾಗಿ ಮುಗಿಯುತ್ತಿವೆ. ಆಗ ಎಂಪಿ4ಗೂ ಬಾಗಿಲು ತೆರೆಯಬಹುದು.

“ಅಲ್ಲಿಗಂಟ ಭಾಗವತರು ಹಾಡಿದ್ದು ಮೈದುನನ ಲ್ಯಾಪ್‌ಟಾಪಲ್ಲೇ ಇರ್ಬೇಕಾ?” ಅಂದರು ಅಕ್ಕ. ಅವರು ಒಪ್ಪಲಿಲ್ಲ. ನನಗೂ ಅವರ ಮಾತು ಪೂರ್ತಿ ತಪ್ಪು ಅನಿಸಲಿಲ್ಲ. ಆ ಫೈಲು ತಂದುಕೊಡಿ, ವೆಬ್‌ಎಂ ನಾನು ಮಾಡಿಕೊಡ್ತೀನಿ ಅಂದೆ.

ದೀಪಾವಳಿಗೆ ಹೊಸ ಟೀವಿ ತರುವ ಯೋಚನೆ ಅವರ ಮನೆಯಲ್ಲಿದೆ. ಎಷ್ಟು ಇಂಚು, ಎಷ್ಟು ಸ್ಪೀಕರು ಅಂತ ಮಾತ್ರ ನೋಡಬೇಡಿ, ವಿವರದ ಹಾಳೆಯಲ್ಲಿ ವಿಡಿಯೊ ಫಾರ್ಮ್ಯಾಟುಗಳ ಸಾಲಿನಲ್ಲಿ ಎಚ್.265, ಎವಿ1 ಎರಡೂ ಇದೆಯೇ ಅಂತ ಓದಿಸಿ ಅಂತ ಹೇಳಿದೆ. ಯೂಟ್ಯೂಬಿಗೆ ಒಂದು ಪಟ್ಟಿ, ಪೆನ್‌ಡ್ರೈವಿಗೆ ಬೇರೆ ಪಟ್ಟಿ ಇರುವ ಮಾದರಿಗಳೂ ಉಂಟು. ಪೆನ್‌ಡ್ರೈವಿನದನ್ನು ಬೇರೆಯಾಗಿ ಕೇಳಬೇಕು. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಮದುವೆಯ ಪೆನ್‌ಡ್ರೈವನ್ನೇ ತಗೊಂಡು ಹೋಗಿ ಅಲ್ಲಿ ಹಾಕಿಸಿ ನೋಡಿ ಅಂದೆ.