ಮಧ್ಯಾಹ್ನದ ಬಿಸಿಲು, ರಾತ್ರಿಯ ಫ್ಯಾನು

ಒಂದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಬೇಕಾದರೆ ಆ ಮನೆಯ ಯುಪಿಎಸ್ ಲೈನು ಎಲ್ಲೆಲ್ಲಿ ಹಾದಿದೆ ಎಂದು ನೋಡಿದರೆ ಸಾಕು. ಹಾಲಿನ ಫ್ಯಾನು, ಟಿ.ವಿ., ದೇವರ ಕೋಣೆಯ ಪುಟ್ಟ ಬಲ್ಬು, ಈಗೀಗ ವೈಫೈ ಡಬ್ಬಿ, ಇಷ್ಟಕ್ಕೆ ಅದರ ಕೃಪೆಯುಂಟು. ಬಚ್ಚಲುಮನೆಗೆ ಸಾಮಾನ್ಯವಾಗಿ ಇಲ್ಲ; ಸೋಪು ಹಚ್ಚಿಕೊಂಡವನು ಕತ್ತಲಲ್ಲೇ ತೊಳೆದುಕೊಳ್ಳಬೇಕು. ನಮ್ಮಲ್ಲಿ ಲೈನ್ ಎಳೆಯಲು ಬಂದ ಎಲೆಕ್ಟ್ರಿಷಿಯನ್ "ಯಾವ್ಯಾವ ಪಾಯಿಂಟ್ ಕೊಡ್ಲಿ ಸಾರ್?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ನನ್ನ ಹೆಂಡತಿಯ ಮುಖ ನೋಡಿದ. ನಾನು ಓದುವ ಮೂಲೆಯ ದೀಪ ಪಟ್ಟಿಗೆ ಸೇರಲಿಲ್ಲ.

ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿರುವ ಆ ಟ್ಯೂಬುಲರ್ ಬ್ಯಾಟರಿಯನ್ನು ಒಬ್ಬರೇ ಎತ್ತುವ ಮಾತೇ ಇಲ್ಲ. ತಲೆಯ ಮೇಲೆ ಆರು ಬಿರಡೆ, ಒಂದೊಂದರಲ್ಲೂ ತೇಲುವ ಕಡ್ಡಿ. ಕಡ್ಡಿ ಕೆಳಗಿಳಿದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಹಾಕಬೇಕೆಂದು ನೆನಪಾಗುವುದು ಕರೆಂಟ್ ಹೋಗಿ, ಫ್ಯಾನು ಹತ್ತೇ ನಿಮಿಷಕ್ಕೆ ನಿಂತಾಗ. ಒಮ್ಮೆ ಬಿಡುವಾಗಿ ಕೂತು ಅದರ ಮೈಮೇಲಿನ ಬರಹ ಓದಿದೆ: 12 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದರೆ 1,800 ವ್ಯಾಟ್ ಅವರ್. ಎರಡು ಯೂನಿಟ್ಟಿಗೂ ಕಮ್ಮಿ! ಬಿಲ್ಲಿನ ಲೆಕ್ಕದಲ್ಲಿ ಒಂದು ಮಸಾಲೆದೋಸೆಯ ಬೆಲೆಯೂ ಆಗದ ಕರೆಂಟನ್ನು ಇಟ್ಟುಕೊಳ್ಳಲು ಸಾವಿರಾರು ರೂಪಾಯಿ ಕೊಟ್ಟು, ಮನೆಯ ಒಂದು ಮೂಲೆ ಬಿಟ್ಟುಕೊಟ್ಟು ಸಾಕಿಕೊಂಡಿದ್ದೇವೆ. ಆದರೂ "ನಿಮ್ಮನೇಲೂ ಹೋಯ್ತಾ?" ಎಂದು ಎದುರುಮನೆಯವರು ಕೇಳಿದಾಗ "ಹೋಗಿದ್ದೇ ಗೊತ್ತಾಗ್ಲಿಲ್ಲ ನೋಡಿ" ಅನ್ನುವ ಸುಖ ಇದೆಯಲ್ಲ, ಅದಕ್ಕೆ ಎಷ್ಟು ಕೊಟ್ಟರೂ ಕಡಿಮೆಯೇ.

ಉತ್ತರ ಕರ್ನಾಟಕದ ಹಿರಿಯರು ಜೋಳವನ್ನು ಹಗೇವಿಗೆ ಸುರಿದು ಬಾಯಿ ಮುಚ್ಚಿ, ಬರಗಾಲಕ್ಕೆ ತೆಗೆಯುತ್ತಿದ್ದರು. ಕರೆಂಟಿಗೆ ಅಂಥ ಹಗೇವು ಇರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಂದಿನಿಂದ ನಡೆದು ಬಂದದ್ದು ಇಷ್ಟೇ: ಯಾರೋ ಸ್ವಿಚ್ ಒತ್ತಿದ ಕ್ಷಣಕ್ಕೇ ಎಲ್ಲೋ ಒಂದು ಕಡೆ ಅಷ್ಟೇ ಕರೆಂಟ್ ಹುಟ್ಟಬೇಕು. ಹುಟ್ಟಿದ್ದಕ್ಕಿಂತ ಖರ್ಚು ಹೆಚ್ಚಾದರೆ ಗ್ರಿಡ್ಡಿನ 50 ಹರ್ಟ್ಸ್ ಆವರ್ತನ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ನಮ್ಮ ದೇಶದಲ್ಲಿ ಅದು 49.90ರಿಂದ 50.05ರ ನಡುವೆ ಇರಬೇಕೆಂದು ಕಟ್ಟಳೆ. ಲೋಡ್ ಡಿಸ್ಪ್ಯಾಚ್ ಸೆಂಟರಿನಲ್ಲಿ ಕೂತವರು ಹಗಲೂ ರಾತ್ರಿ ಈ ದಶಾಂಶಗಳನ್ನೇ ಕಾಯುತ್ತಾರೆ. ನನ್ನ ಬಿ.ಪಿ.ಯ ಬಗ್ಗೆ ನಾನೂ ಅಷ್ಟು ಮುತುವರ್ಜಿ ವಹಿಸಿದವನಲ್ಲ.

ಇಂಥ ಶಿಸ್ತಿನ ಮನೆಗೆ ಸೂರ್ಯ ಬಂದು ಸೇರಿಕೊಂಡ. ಪಾವಗಡದ ತಿರುಮಣಿ ಕಡೆ ಹೋದವರು ನೋಡಿಯೇ ಇರುತ್ತೀರಿ. ಶೇಂಗಾ ಬಿತ್ತಿ, ಮಳೆಗೆ ಕಾದು ಸೋತ ನೆಲದಲ್ಲಿ ಈಗ ಸುಮಾರು 13,000 ಎಕರೆ ಉದ್ದಗಲಕ್ಕೂ ನೀಲಿ ಫಲಕಗಳು. ಒಟ್ಟು 2,050 ಮೆಗಾವ್ಯಾಟ್. ಜಮೀನು ರೈತರದ್ದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ತಲೆಮಾರುಗಳಿಂದ ಬೈಸಿಕೊಂಡ ಬಿಸಿಲಿಗೇ ಬಾಡಿಗೆ ಬಂತು. ತೊಂದರೆ ಏನೆಂದರೆ, ಮಧ್ಯಾಹ್ನ ಹನ್ನೆರಡಕ್ಕೆ ಬೇಡವೆಂದರೂ ಸುರಿಯುವ ಕರೆಂಟು, ಊರೆಲ್ಲ ದೀಪ ಹಾಕಿ, ಧಾರಾವಾಹಿ ಹಚ್ಚಿ, ಮಿಕ್ಸಿ ತಿರುಗಿಸುವ ಸಂಜೆ ಏಳಕ್ಕೆ ಪೂರ್ತಿ ಸೊನ್ನೆ. ಚಿತ್ರದುರ್ಗ, ಗದಗಿನ ಗಾಳಿಯಂತ್ರಗಳು ರಾತ್ರಿಯೂ ತಿರುಗುತ್ತವೆ ನಿಜ, ಆದರೆ ಅವು ಮೈಮರೆತು ತಿರುಗಬೇಕಾದರೆ ಆಷಾಢ ಬರಬೇಕು.

ಇದಕ್ಕೆ ಮದ್ದು ಮೆಟ್ಟಿಲ ಕೆಳಗೇ ಇತ್ತು, ದೊಡ್ಡದು ಮಾಡಬೇಕಿತ್ತು ಅಷ್ಟೆ. ದೊಡ್ಡದು ಮಾಡಿದರೆ ಏನಾಗುತ್ತದೆಂದು ಸೌತ್ ಆಸ್ಟ್ರೇಲಿಯಾದವರು ಲೋಕಕ್ಕೆ ತೋರಿಸಿದರು. 2016ರ ಸೆಪ್ಟೆಂಬರಿನಲ್ಲಿ ಬಿರುಗಾಳಿಗೆ ವಿದ್ಯುತ್ ಟವರುಗಳು ಉರುಳಿ ಆ ರಾಜ್ಯಕ್ಕೆ ರಾಜ್ಯವೇ ಕತ್ತಲಾಯಿತು. ಗಾಳಿಯಂತ್ರ ನಂಬಿದ್ದೇ ತಪ್ಪು ಎಂದು ಕೆಲವರು, ಅಲ್ಲ ಎಂದು ಕೆಲವರು ಜಗಳಕ್ಕಿಳಿದರು. ಆಗ ಎಲಾನ್ ಮಸ್ಕ್, ನೂರು ದಿನದಲ್ಲಿ ಬ್ಯಾಟರಿ ಕೂರಿಸುತ್ತೇನೆ, ತಪ್ಪಿದರೆ ದುಡ್ಡು ಬೇಡ ಅಂದರು. ನಮ್ಮ ಕಡೆ ಮನೆ ಕಟ್ಟುವ ಮೇಸ್ತ್ರಿಗಳೂ ದಿನದ ಲೆಕ್ಕ ಹೇಳುತ್ತಾರೆ, ದುಡ್ಡಿನ ಮಾತನ್ನು ಮಾತ್ರ ಸೇರಿಸುವುದಿಲ್ಲ. ಹೇಳಿದಂತೆ ಹಾರ್ನ್ಸ್‌ಡೇಲ್‌ನ ಗಾಳಿಯಂತ್ರಗಳ ಮಗ್ಗುಲಲ್ಲಿ 100 ಮೆಗಾವ್ಯಾಟ್ ಲಿಥಿಯಂ ಬ್ಯಾಟರಿ 2017ರ ಡಿಸೆಂಬರ್ 1ಕ್ಕೆ ಕೆಲಸ ಶುರುಮಾಡಿತು. ಎರಡು ವಾರ ಕಳೆಯುವಷ್ಟರಲ್ಲಿ, ಸುಮಾರು ಸಾವಿರ ಕಿ.ಮೀ. ದೂರದ ವಿಕ್ಟೋರಿಯಾದಲ್ಲಿ ಲಾಯ್ ಯಾಂಗ್ ಕಲ್ಲಿದ್ದಲು ಸ್ಥಾವರದ ಒಂದು ಘಟಕ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಆವರ್ತನ ಇಳಿಯತೊಡಗಿತು. ನೆರವಿಗೆ ಬರಬೇಕಿದ್ದ ಸ್ಥಾವರ ಎಚ್ಚೆತ್ತುಕೊಳ್ಳುವ ಮೊದಲೇ ಬ್ಯಾಟರಿ ತನ್ನ ಪಾಲು ಸುರಿದಾಗಿತ್ತು. ಸುರಿದದ್ದು ಏಳು ಮೆಗಾವ್ಯಾಟಿನ ಆಸುಪಾಸು, ಮಹಾ ದೊಡ್ಡದೇನಲ್ಲ. ಎಂಜಿನಿಯರುಗಳು ಬೆರಗಾದದ್ದು ಆ ವೇಗಕ್ಕೆ. ತಣ್ಣಗಿರುವ ಬಾಯ್ಲರ್ ಕಾಯಲು ಗಂಟೆಗಟ್ಟಲೆ ಬೇಕು, ಜಲವಿದ್ಯುತ್ತಿಗೂ ಒಂದಿಷ್ಟು ಹೊತ್ತು ಬೇಕು. ಬ್ಯಾಟರಿಯಲ್ಲಿ ತಿರುಗಬೇಕಾದ ಚಕ್ರವೇ ಇಲ್ಲ. ಪಾವಗಡದ ಮೇಲೆ ಒಂದು ಮೋಡ ಹಾದು ಹೋಗುವ ಐದು ನಿಮಿಷದ ಏರಿಳಿತವನ್ನು ನುಂಗಿಕೊಳ್ಳಲು ಇದಕ್ಕಿಂತ ಒಳ್ಳೆಯದು ಸಿಕ್ಕಲಾರದು.

ಹಾಗೆಂದು ಬ್ಯಾಟರಿಗೆ ಪೂಜೆ ಮಾಡಬೇಕಿಲ್ಲ. ಈಗ ಕೂರಿಸುತ್ತಿರುವ ಹೆಚ್ಚಿನವು ಎರಡರಿಂದ ನಾಲ್ಕು ಗಂಟೆ ದುಡಿಯುತ್ತವೆ. ತುಂಬಿದ್ದರಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ದಾರಿಯಲ್ಲೇ ಸೋರುತ್ತದೆ. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ 2025ರ ಜನವರಿಯಲ್ಲಿ ಒಂದಕ್ಕೆ ಬೆಂಕಿ ಹತ್ತಿ ಸುತ್ತಲಿನ ಜನರನ್ನು ಖಾಲಿ ಮಾಡಿಸಬೇಕಾಯಿತು. ಸಂಜೆಯ ನಾಲ್ಕು ಗಂಟೆ ದಾಟಿಸಲು ಬ್ಯಾಟರಿ ಸಾಕು, ಹದಿನೈದು ದಿನದ ಮಳೆಮೋಡಕ್ಕೆ ಸಾಲದು. ಆಗ ಲಿಂಗನಮಕ್ಕಿಯ ನೀರೇ ಗತಿ.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಶರಾವತಿಯಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿದ್ದಾರೆ. ಹೆಚ್ಚುವರಿ ಕರೆಂಟಿನಲ್ಲಿ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವುದು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅಲ್ಲಿರುವುದು ಸಿಂಗಳೀಕಗಳ ಅಭಯಾರಣ್ಯ. ಹಿಂದೆ ಅದೇ ಶರಾವತಿಗೆ ಊರು ಬಿಟ್ಟವರ ಹಕ್ಕುಪತ್ರದ ಅಲೆದಾಟವೇ ಇನ್ನೂ ಮುಗಿದಿಲ್ಲ. ನನ್ನನ್ನು ಕೇಳಿದರೆ (ಯಾರೂ ಕೇಳಿಲ್ಲ), ಲಾರಿಯಲ್ಲಿ ಬರುವ ಬ್ಯಾಟರಿ ಕಂಟೇನರುಗಳನ್ನು ಪಾವಗಡದ ಫಲಕಗಳ ಪಕ್ಕ ಇಳಿಸುವುದೇ ಮೇಲು. ಅಲ್ಲಿ ಕಡಿಯಲು ಕಾಡಿಲ್ಲ.

ಅವು ಬರುವ ತನಕ ನಾವು ಮಾಡಬಹುದಾದದ್ದೂ ಒಂದಿಷ್ಟಿದೆ. ರಾತ್ರಿ ತ್ರೀ ಫೇಸ್ ಬಂದಾಗ ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ನೀರು ಕಟ್ಟುತ್ತಿದ್ದ ರೈತರು ಹಗಲು ಕರೆಂಟ್ ಕೇಳುತ್ತಿದ್ದಾರೆ. ಬಿಸಿಲಿನ ಕರೆಂಟು ಮೊದಲು ಅವರಿಗೇ ಸಲ್ಲಬೇಕು. ಪಟ್ಟಣದವರು ಸಂಪಿನ ಮೋಟಾರು, ವಾಷಿಂಗ್ ಮಷಿನ್ನು, ದೋಸೆಹಿಟ್ಟಿನ ಗ್ರೈಂಡರು ಇವನ್ನೆಲ್ಲ ಸಂಜೆ ಆರರಿಂದ ಹತ್ತರ ತನಕ ಮುಟ್ಟದೆ, ಆದಷ್ಟೂ ಮಧ್ಯಾಹ್ನವೇ ಹಾಕಿ ಮುಗಿಸಿ. ಅಕ್ಕಿ, ಉದ್ದನ್ನು ಮಾತ್ರ ಬೆಳಗ್ಗೆ ಏಳಕ್ಕೇ ನೆನೆಹಾಕಲು ಮರೆಯಬೇಡಿ.