ಏರ್‌ಪೋರ್ಟ್ ಜರಾ ಇಧರ್

ಮನೆಯಲ್ಲಿ ಕೂತು ನಕ್ಷೆ ಬರೆಯುವ ಗಂಡಸಿಗೆ ಹೈದರಾಬಾದಿನ ನಮ್ಮ ಬರ್ಕತ್‌ಪುರದ ಅಪಾರ್ಟ್‌ಮೆಂಟಿನಲ್ಲಿ ಒಂದೇ ಬಿರುದು: 'ಮನೇಲೇ ಇರ್ತಾರಲ್ಲ, ಅವರು'. ಮೂರನೇ ಮಹಡಿಯವರ ಗ್ಯಾಸ್ ಸಿಲಿಂಡರ್ ಬಂದರೂ ನನ್ನ ಬಾಗಿಲ ಬೆಲ್ಲು, ಐದನೇ ಮಹಡಿಯವರ ಸೀರೆ ಪಾರ್ಸೆಲ್ ಬಂದರೂ ನನ್ನ ಸಹಿ. ಗಣೇಶ ಚೌತಿಯ ಬ್ಯಾನರಿಗೆ ಇಲಿ ಬರೆದುಕೊಡುವ ಕೆಲಸವಂತೂ ವಂಶಪಾರಂಪರ್ಯದ ಉಂಬಳಿಯೇ ಸರಿ. 'ಒಳ್ಳೇ ಹವ್ಯಾಸ ಸಾರ್' ಎನ್ನುತ್ತಾರೆ. ಹವ್ಯಾಸದಿಂದ ಕರೆಂಟ್ ಬಿಲ್ ಕಟ್ಟುವವನ ಮುಖ ನೋಡಬೇಕೆಂದರೆ ತಿಂಗಳ ಕೊನೆಗೆ ನಮ್ಮ ಮನೆಗೆ ಬನ್ನಿ, ಚಹಾ ಕೊಡುತ್ತೇನೆ. ಸಕ್ಕರೆ ನೀವೇ ತನ್ನಿ.

ಹಾಗಾಗಿ ಗಿರಾಕಿಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕತೊಡಗಿದೆ. ಪ್ರೊಫೈಲಿಗೊಂದು ಫೋಟೋ ತೆಗೆಸಿಕೊಂಡೆ: ಕೈಯಲ್ಲಿ ಪೆನ್ನು, ಕಣ್ಣು ದಿಗಂತದ ಕಡೆ. ನಾನು ಬರೆಯುವುದು ಟ್ಯಾಬ್ಲೆಟ್ಟಿನ ಮೇಲೆ. ಆ ಪೆನ್ನು ಅಪ್ಪನದು, ಅದರ ಮಸಿ ಬತ್ತಿ ಯಾವ ಕಾಲವಾಯಿತೋ. ದಿಗಂತದಲ್ಲಿದ್ದದ್ದು ಎದುರು ಬಿಲ್ಡಿಂಗಿನವರ ಬಟ್ಟೆ ಒಣಹಾಕುವ ತಂತಿ. ಕೆಳಗೆ 'ಕಲ್ಪಿತ ಲೋಕಗಳ ನಕ್ಷೆಕಾರ' ಎಂದು ಇಂಗ್ಲಿಷಿನಲ್ಲಿ ಹಾಕಿದೆ. ಹೆಂಡತಿ ಓದಿ, 'ಸಂಬಳಾನೂ ಕಲ್ಪಿತ ಅಂತ ಬರೀರಿ, ಲೆಕ್ಕ ಸರಿಹೋಗ್ತದ' ಅಂದಳು. ಅವಳು ಲೆಕ್ಕದ ಟೀಚರು.

ಈ ಊರಿನಲ್ಲಿ ನಕ್ಷೆಯವನಿಗೆ ಕೆಲಸಕ್ಕೇನು ಬರ ಎಂದು ನೀವು ಕೇಳಬಹುದು. ನಮ್ಮ ಮನೆ ನಂಬರು 3-4ರಿಂದ ಶುರುವಾಗಿ, ಎರಡು 'ಬೈ' ದಾಟಿ, ಒಂದು 'ಎ'ಯಲ್ಲಿ ಬಂದು ನಿಲ್ಲುತ್ತದೆ. ಪಕ್ಕದ ಮನೆಯದು ಇನ್ನೆಲ್ಲಿಂದಲೋ ಶುರುವಾಗುತ್ತದೆ. 2009ರಲ್ಲಿ ಮೆಹದಿಪಟ್ನಂನಿಂದ ಆರಾಂಘರ್‌ವರೆಗೆ ಹನ್ನೊಂದೂವರೆ ಕಿಲೋಮೀಟರಿನ ಫ್ಲೈಓವರ್ ಆಯಿತು ನೋಡಿ, ಆವತ್ತಿನಿಂದ ಅತ್ತಾಪುರದವರು ಮದುವೆ ಕಾರ್ಡಿನಲ್ಲೂ ಪಿಲ್ಲರ್ ನಂಬರನ್ನೇ ಅಚ್ಚು ಹಾಕಿಸುತ್ತಾರೆ. ಇಂಥ ಊರಿಗೆ ನಕ್ಷೆ ಬೇಕೇ ಬೇಕು. ದುಡ್ಡು ಕೊಡಬೇಕು ಅಂತ ಮಾತ್ರ ಯಾರಿಗೂ ಅನ್ನಿಸುವುದಿಲ್ಲ. ಒಬ್ಬ ಪುಣ್ಯಾತ್ಮ ಎಐ ಕೈಲಿ ಮಾಡಿಸಿದ ನಕ್ಷೆ ಕಳಿಸಿ, 'ಎಲ್ಲಾ ರೆಡಿ ಇದೆ, ಅಕ್ಷರ ಮಾತ್ರ ಸರಿ ಮಾಡಿ, ಐನೂರು ಕೊಡ್ತೀನಿ' ಅಂದ. ಅದರಲ್ಲಿ ಗೋಲ್ಕೊಂಡ ಕೋಟೆ ಸಮುದ್ರದ ದಡದಲ್ಲಿತ್ತು.

ಕೊನೆಗೆ ಸಿಕ್ಕವನು ಅಮೆರಿಕದ ಒಹಾಯೋದ ಒಬ್ಬ ಕಾದಂಬರಿಕಾರ. ಮೊದಲ ಪುಸ್ತಕ, ಇನ್ನೂ ಅಚ್ಚಾಗಿರಲಿಲ್ಲ. ಏಳು ರಾಜ್ಯಗಳು, ಎಲ್ಲವುಗಳ ಹೆಸರಿನ ನಡುವೆಯೂ ಒಂದೊಂದು ಕೊಂಬು. ಆ ಕಡೆ ಇಂಥವರ ಸಂತತಿ ದೊಡ್ಡದು. ಟೋಲ್ಕೀನ್ ಮಹಾಶಯರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954ರಲ್ಲಿ ಮಗ ಕ್ರಿಸ್ಟಫರ್ ಬರೆದ ನಕ್ಷೆಯೊಂದಿಗೆ ಬಂತಲ್ಲ, ಅಲ್ಲಿಂದ ನಕ್ಷೆಯಿಲ್ಲದ ಮಾಯಾಲೋಕವನ್ನು ಯಾರೂ ನಂಬುವುದಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದವರಂತೂ ಪ್ರತಿ ಗುಹೆಗೂ ನಕ್ಷೆ ಕೇಳುತ್ತಾರೆ.

ಒಹಾಯೋದವನು ಚಿತ್ರಕ್ಕೆ ಮೊದಲು ಒಂದು ಎಕ್ಸೆಲ್ ಶೀಟ್ ಕಳಿಸಿದ. ಬಯಲಿನಲ್ಲಿ ಕುದುರೆಗೆ ದಿನಕ್ಕೆ ಮೂವತ್ತು ಮೈಲಿ, ಬೆಟ್ಟದಲ್ಲಿ ಹನ್ನೆರಡು, ಹಿಮ ಬಿದ್ದರೆ ಎಂಟು. ನೀರು ಕುಡಿಸುವ ಹೊತ್ತಿಗೂ ಒಂದು ಕಾಲಂ. ಅವನ ಹೊಳೆಯೊಂದು ಗುಡ್ಡ ಹತ್ತಿ ಆಚೆ ಇಳಿದಿತ್ತು. ನಾನು ಎರಡು ಹೊಳೆಗಳ ನಡುವಿನ ರಾಯಚೂರು ಸೀಮೆಯವನು, ನೀರಿನ ವಿಷಯದಲ್ಲಿ ಸುಮ್ಮನಿರಲಾರೆ. ತುಂಗಭದ್ರೆ ಹೇಗೆ ತಗ್ಗು ಹುಡುಕುತ್ತ ಬಂದು ಕೃಷ್ಣೆಯನ್ನು ಕೂಡುತ್ತಾಳೆ ಎಂದು ಉದ್ದಕ್ಕೆ ಬರೆದೆ. ಅವನು ಧನ್ಯವಾದ ಹೇಳಿ, ಹೊಳೆ ತಿದ್ದಿ, ಅದಕ್ಕೆ 'ತುಂಗಾ-ಭದ್' ಎಂದು ಹೆಸರಿಡಬಹುದೇ ಎಂದು ಕೇಳಿದ. ಈಗ ಅದರ ದಡದಲ್ಲಿ ಕುಳ್ಳರ ಸೈನ್ಯ ಬೀಡುಬಿಟ್ಟಿದೆ. ಅವನ ಎರಡು ಕೋಟೆಗಳ ನಡುವೆ ಲೆಕ್ಕಕ್ಕಿಂತ ಹನ್ನೆರಡು ಮೈಲಿ ಹೆಚ್ಚು ಬಂತು ಅಂದಾಗ, 'ಹಾಗಾದರೆ ನನ್ನ ನಾಯಕ ಸುಳ್ಳು ಹೇಳಿದ ಹಾಗಾಗುತ್ತದೆ' ಎಂದು ಒಂದು ಅಧ್ಯಾಯವನ್ನೇ ಹೊಸದಾಗಿ ಬರೆದ.

ದುಡ್ಡು ಬಂತು. ಬ್ಯಾಂಕಿನ ಹುಡುಗ ಕಾರಣ ಕೇಳಿದ. 'ನಕ್ಷೆ ಮಾರಿದ್ದು' ಅಂದೆ. ಅವನ ಮುಖ ಬಿಳುಚಿತು. 'ಯಾವ ದೇಶದ್ದು ಸಾರ್?' 'ಇಲ್ಲದ ದೇಶದ್ದು.' ಅವನು ಮ್ಯಾನೇಜರನ್ನು ಕರೆದ. ಅವರನ್ನೂ ದೂರಲಾಗದು. ಭಾರತದ ಗಡಿಯನ್ನು ತಪ್ಪಾಗಿ ತೋರಿಸಿದರೆ ಆರು ತಿಂಗಳವರೆಗೆ ಜೈಲು ಎಂದು 1961ರ ಕಾಯ್ದೆಯೇ ಇದೆ. ಕುಳ್ಳರ ರಾಜ್ಯದ ಗಡಿಗೆ ಅದು ಅನ್ವಯಿಸುವುದಿಲ್ಲ ಎಂದು ಮನವರಿಕೆ ಮಾಡಿಕೊಡುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಆ ನಕ್ಷೆಯನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ಮಾರನೇ ದಿನ ಫೋನು. ಶ್ರೀಶೈಲಂ ಹೈವೇಯಲ್ಲಿ, ಆಮನಗಲ್ ದಾಟಿ, ಒಂದು ವೆಂಚರ್, ಅಂದರೆ ಪ್ಲಾಟುಗಳ ಬಡಾವಣೆ, ಹಾಕುತ್ತಿದ್ದಾರಂತೆ. ಬ್ರೋಷರಿಗೆ ಲೊಕೇಷನ್ ಮ್ಯಾಪ್ ಬೇಕು. 'ಆ ಡ್ರ್ಯಾಗನ್ ಮ್ಯಾಪ್ ಥರಾನೇ ಇರಲಿ ಅಣ್ಣಾ. ಡ್ರ್ಯಾಗನ್ ಬೇಡ.'

ಬರೆದೆ. ಸ್ಕ್ರೀನ್ ಹಂಚಿಕೊಂಡು ತೋರಿಸಿದೆ. ಒಂದು ಗಳಿಗೆ ಆ ಕಡೆಯಿಂದ ಪಾನ್ ಅಗಿಯುವ ಸದ್ದು ಮಾತ್ರ ಕೇಳಿಸಿತು.

'ಅಣ್ಣಾ, ಏರ್‌ಪೋರ್ಟ್ ಜರಾ ಇಧರ್ ಸರಕಾವ್.'

ವಿಮಾನದ ಚಿತ್ರವನ್ನು ತುಸು ಪಕ್ಕಕ್ಕೆ ಇಡಬೇಕೆಂದು ತಿಳಿದು ಕೂದಲೆಳೆಯಷ್ಟು ಜರುಗಿಸಿದೆ. 'ಇನ್ನೂ.' ಜರುಗಿಸಿದೆ. 'ಇನ್ನೂ ಅಣ್ಣಾ, ನಾಚ್ಕೋಬೇಡಿ.' ಶಂಶಾಬಾದಿನಲ್ಲಿ 2008ರಿಂದ ತನ್ನ ಪಾಡಿಗೆ ತಾನಿದ್ದ ವಿಮಾನ ನಿಲ್ದಾಣ ತುಕ್ಕುಗುಡ ದಾಟಿತು, ಮಹೇಶ್ವರಂ ಹಿಂದಾಯಿತು, ಕಂದುಕೂರಿನ ಹೊಲಗಳಲ್ಲಿ ಬಂದು ಇಳಿಯಿತು. ಅದರ ಹಿಂದೆಯೇ ಔಟರ್ ರಿಂಗ್ ರೋಡನ್ನೂ ಎಳೆಯಬೇಕಾಯಿತು. 158 ಕಿಲೋಮೀಟರಿನ ಆ ದುಂಡನೆ ರಸ್ತೆ ಒಂದು ಕಡೆ ಕಚ್ಚಿದ ಕೋಡುಬಳೆಯ ಹಾಗಾಯಿತು.

'ಚಾರ್‌ಮಿನಾರ್ ದೂರ ಕಾಣ್ತಿದೆ.'

'ದೂರವೇ ಇದೆ.'

'ಕಸ್ಟಮರಿಗೆ ಹಾಗೆ ಕಾಣಬಾರದು.'

1591ರಲ್ಲಿ ಕುಲಿ ಕುತುಬ್ ಶಾಹ ನಿಲ್ಲಿಸಿದ್ದನ್ನು ನಾನು ಒಂದು ಬೆರಳಿನಿಂದ ಎತ್ತಿ ಚಾಂದ್ರಾಯಣಗುಟ್ಟದ ಆಚೆ ಇಟ್ಟೆ. ದಾರಿಯಲ್ಲಿ ಫಲಕ್‌ನುಮಾ ಅರಮನೆ ಅಡ್ಡ ಬಂತು. 'ಅದು ತಾಜ್ ಹೋಟೆಲ್ ಅಲ್ವಾ? ಹತ್ರಾನೇ ಇರಲಿ, ಸ್ಟ್ಯಾಂಡರ್ಡ್.' ಅಷ್ಟರಲ್ಲಿ ನನಗೂ ಅಮಲು ಏರಿತ್ತು. ಸಂಜೀವಿನಿ ಬೆಟ್ಟ ಹೊತ್ತ ಹನುಮಂತನಿಗೂ ಹೀಗೇ ಅನ್ನಿಸಿರಬೇಕು. ಒಹಾಯೋದಲ್ಲಿ ಹನ್ನೆರಡು ಮೈಲಿಗೆ ಒಂದು ಅಧ್ಯಾಯ ದಂಡ ತೆರಬೇಕಿತ್ತು. ಇಲ್ಲಿ ವೆಂಚರಿನವನು ಕೇಳದೆಯೇ ಉಪ್ಪಲ್ ಸ್ಟೇಡಿಯಮ್ಮನ್ನೂ ಕೆಳಗಿಳಿಸಿದೆ. ಅವನು 'ಶಾಭಾಷ್' ಅಂದ.

'ಈಗ ಶ್ರೀಶೈಲಂ. ಮಲ್ಲಣ್ಣನ ಗುಡಿ ಮೇಲಕ್ಕೆ ತನ್ನಿ. ಜ್ಯೋತಿರ್ಲಿಂಗ, ಸೆಂಟಿಮೆಂಟ್ ಇರುತ್ತೆ.'

'ನಡುವೆ ಅಮ್ರಾಬಾದ್ ಅಭಯಾರಣ್ಯ ಇದೆಯಲ್ಲ. ಹುಲಿಗಳಿವೆ.'

'ಹುಲಿ ತೆಗೀರಿ.'

ನಲ್ಲಮಲದ 2,600 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು ಒಂದು ಡಿಲೀಟ್ ಗುಂಡಿಗೆ ಮಾಯವಾಯಿತು.

'ಗುಡಿ ಮೇಲೆ ಬಂದರೆ ಕೃಷ್ಣಾ ನದಿಯೂ ಬರುತ್ತದೆ' ಅಂದೆ, ಕೊನೆಯ ಎಚ್ಚರಿಕೆ ಎಂಬಂತೆ.

'ಬರಲಿ ಅಣ್ಣಾ. ರಿವರ್ ವ್ಯೂ.'

ಎಳೆದೆ. ಮಹಾಬಲೇಶ್ವರದಲ್ಲಿ ಹುಟ್ಟಿ, ನಮ್ಮ ರಾಯಚೂರಿನ ಬಗಲಲ್ಲಿ ಹಾದು ಬರುವ ಕೃಷ್ಣೆ ತನ್ನ ಪಾತ್ರ ಬಿಟ್ಟು, ಪೂರ್ವಾಭಿಮುಖದ 150 ಗಜದ ಪ್ಲಾಟುಗಳ ಬೇಲಿಗೆ ಬಂದು ನಿಂತಳು. ಒಂದು ಪಕ್ಕದಲ್ಲಿ 'ಏರ್‌ಪೋರ್ಟ್: 20 ನಿಮಿಷ' ಎಂದು ಹಾಕಿಸಿದ. ಯಾವ ವಾಹನದಲ್ಲಿ ಎಂದು ಕೇಳಿದೆ. 'ಅದನ್ನೆಲ್ಲ ಯಾಕೆ ಬರೀತೀರಿ?' ಅಂದ. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ನಾಟ್ ಟು ಸ್ಕೇಲ್'. ಅದು ಲಾಯರ್ ಸಾಹೇಬರ ಸಲಹೆಯಂತೆ.

ಇದೇ ಸೀಮೆಯ ಅಳತೆಯ ಚರಿತ್ರೆ ನೆನಪಾದರೆ ನಗು ಬರುತ್ತದೆ. ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ 1815ರಲ್ಲಿ ಬೀದರಿನ ಬಯಲಲ್ಲಿ ಉಕ್ಕಿನ ಸರಪಳಿ ಹಾಸಿ ನೆಲ ಅಳೆದ. 1818ರಲ್ಲಿ ಅವನ ಕೈಕೆಳಗೆ ಸೇರಿದ ಎವರೆಸ್ಟ್ ಎಂಬಾತ, ಕೃಷ್ಣಾ–ಗೋದಾವರಿ ನಡುವಿನ ಕಾಡಿನಲ್ಲಿ ಜ್ವರ ಹಿಡಿದು ಸಾಯುವಂತಾದ. 1908ರಲ್ಲಿ ಮೂಸಿ ಉಕ್ಕಿ ಊರು ಕೊಚ್ಚಿಹೋದ ಮೇಲೆ ಲಿಯೊನಾರ್ಡ್ ಮನ್ ಎಂಬಾತ ಓಣಿ ಓಣಿ ಅಳೆಸಿ ಹೈದರಾಬಾದಿನ ನಕ್ಷೆ ಮಾಡಿಸಿದ. ಅಳತೆಗಾಗಿ ಅವರೆಲ್ಲ ಬಿಸಿಲಲ್ಲಿ ಒಣಗಿದರು. ನಾನು ಫ್ಯಾನಿನ ಕೆಳಗೆ ಕೂತು ಕೃಷ್ಣೆಯನ್ನು ತಿರುಗಿಸಿದೆ.

ಬ್ರೋಷರ್ ಅಚ್ಚಾಗಿ ಸಿಗ್ನಲ್ಲುಗಳಲ್ಲಿ ಹಂಚಿಕೆಯಾಯಿತು. ಒಂದು ಸಂಜೆ ನಮ್ಮ ವಾಚ್‌ಮನ್ ಅದನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದ. ಪಾಲಮೂರು ಕಡೆಯವನು. 'ಸಾರ್, ಇದು ನೀವೇ ಬರೆದಿದ್ದಂತೆ, ಅಮ್ಮ ಹೇಳಿದರು.' ಹೌದೆಂದೆ. ಹೆಮ್ಮೆಯಿಂದಲೇ ಅಂದೆ. ಚೀಟಿ ಎತ್ತಿದ ದುಡ್ಡಿದೆ, ಮಗಳ ಹೆಸರಿಗೆ ನೂರು ಗಜ ಅಡ್ವಾನ್ಸ್ ಕೊಡಬೇಕು ಅಂತಿದ್ದೇನೆ ಅಂದ.

'ಏರ್‌ಪೋರ್ಟ್ ಇಪ್ಪತ್ತೇ ನಿಮಿಷವಾ ಸಾರ್?'

'ನಿನ್ನ ಊರು ಆ ಕಡೆಯೇ ಅಲ್ಲವೇನಪ್ಪ? ನಿನಗೆ ಗೊತ್ತಿರಬೇಕಲ್ಲ.'

'ಅದೇ ರೋಡು ಸಾರ್. ಹಬ್ಬಕ್ಕೆ ಹೋಗ್ತೀನಿ. ಬಸ್ಸಿನಲ್ಲಿ ಅರ್ಧ ದಿನ ಹೋಗುತ್ತೆ. ಆದರೆ ಮ್ಯಾಪಿನಲ್ಲಿ ಹಾಕಿದ್ದಾರಲ್ಲ, ಹೊಸ ರೋಡ್ ಏನಾದ್ರೂ ಬಿದ್ದಿರಬೇಕು, ನನಗೇ ತಿಳೀಲಿಲ್ಲ ಅಂದುಕೊಂಡೆ.'

ಅಷ್ಟು ವರ್ಷ ಕಿಟಕಿ ಪಕ್ಕ ಕೂತು ಕಂಡ ದಾರಿಗಿಂತ ನನ್ನ ಗೆರೆಯ ಮೇಲೆ ಅವನಿಗೆ ನಂಬಿಕೆ ಹೆಚ್ಚು. 'ಇಪ್ಪತ್ತು ನಿಮಿಷ ಅಂದದ್ದು ವಿಮಾನಕ್ಕೆ' ಅಂದೆ. ಅವನು ನಗಲಿಲ್ಲ. ಫೋನಿನಲ್ಲಿ ಅಸಲಿ ದೂರ ತೆಗೆದು ತೋರಿಸಿದೆ, ಕಾಡನ್ನೂ ತೋರಿಸಿದೆ, ನದಿ ಎಲ್ಲಿದೆ ಎಂದೂ ತೋರಿಸಿದೆ. ಅಡ್ವಾನ್ಸ್ ಕೊಡಬೇಡ ಎಂದು ಮತ್ತೆ ಮತ್ತೆ ಹೇಳಿದೆ. ತಲೆಯಾಡಿಸಿ ಬ್ರೋಷರನ್ನು ಅದೇ ಮಡಿಕೆಯಲ್ಲಿ ಮಡಿಸಿ ಜೇಬಿಗಿಟ್ಟುಕೊಂಡ. ಬಿಸಾಡಲಿಲ್ಲ.

ಆ ರಾತ್ರಿ ವೆಂಚರಿನವನಿಗೆ ಮೆಸೇಜ್ ಹಾಕಿದೆ: ನಿಮಿಷ ತೆಗೆದು ಕಿಲೋಮೀಟರ್ ಹಾಕೋಣ, ತಿದ್ದಿದ್ದಕ್ಕೆ ದುಡ್ಡು ಬೇಡ. ಹಾಗೆಯೇ, ಮೊದಲನೆಯದರ ಫೀಸೂ ಬಂದಿಲ್ಲ. ನಗುವ ಮುಖವೊಂದು ಬಂತು. ಹಿಂದೆಯೇ ವಾಯ್ಸ್ ನೋಟು: 'ಪ್ರಿಂಟ್ ಆಗೋಯ್ತು ಅಣ್ಣಾ. ಫೀಸಿಗೆ ಏನು ಅವಸರ? ನೀವು ಮನೆಯವರ ಥರ. ಒಂದು ಪ್ಲಾಟ್ ಬುಕ್ ಮಾಡಿ, ಅದರಲ್ಲೇ ಅಡ್ಜಸ್ಟ್ ಮಾಡ್ತೀನಿ. ಸಂಡೇ ಸೈಟ್ ವಿಸಿಟ್, ಗಾಡಿ ಫ್ರೀ, ಬಿರಿಯಾನಿ ಫ್ರೀ.'

ಸ್ಪೀಕರಿನಲ್ಲಿ ಹಾಕಿದ್ದರಿಂದ ಹೆಂಡತಿಗೂ ಕೇಳಿಸಿತು. ಉತ್ತರ ಪತ್ರಿಕೆಗಳಿಂದ ತಲೆ ಎತ್ತದೆ, 'ಹೊಳಿ ದಂಡಿಗಿರೋ ಪ್ಲಾಟೇ ಕೇಳ್ರಿ' ಅಂದಳು. 'ನೀವೇ ಎಳಕೊಂಡು ಬಂದೀರಿ. ಅತ್ತಿಗೆ ದಿನಾ ಸ್ನಾನಕ್ಕ ಆಗ್ತದ.'